ಕಿವಿಯಿಲ್ಲದ ಪೆಟ್ಟಿಗೆ

ವೈಯಾಲದ ಗ್ರಂಥಾಲಯ, ಹಿಂಬದಿಯ ಕೋಣೆ.
ಮೊದಲು ಪೊರಕೆ ಬಕೆಟ್ಟುಗಳದಾಗಿತ್ತು, ಈಗ ನನ್ನದು.
ಕದ ಮುಚ್ಚಿದರೂ ಸಂದಿಯಿಂದ ಬರುವ ಕೆಂಪು ಧೂಳು
ಭೇದವಿಲ್ಲದೆ ಕೂರುತ್ತದೆ ಎಲ್ಲದರ ಮೇಲೂ:
ರ‍್ಯಾಕಿನ ನಾಲ್ಕು ಕಂಬ, ನನ್ನ ಟೀ ಲೋಟ,
ಇನ್ನೂ ಬಿಚ್ಚದ ಡಬ್ಬಿಗಳು.

ಎತ್ತರವನ್ನು ಇಲ್ಲಿ ಯು ಎಂದು ಅಳೆಯುತ್ತಾರೆ.
ಒಂದು ಯು ಅಂದರೆ ಒಂದೂ ಮುಕ್ಕಾಲು ಅಂಗುಲ,
ನನ್ನ ತೋರುಬೆರಳಿನ ಎರಡು ಗೆಣ್ಣು.
ಎತ್ತರ ಮೋಸ ಮಾಡುವುದಿಲ್ಲ.
ಮೋಸವೆಲ್ಲ ಆಳದಲ್ಲಿ.

ಮುಂಗಂಬದಿಂದ ಹಿಂಗಂಬಕ್ಕೆ
ಏಳುನೂರ ನಲವತ್ತು ಮಿಲಿಮೀಟರ್ ಅಂತ ಬರೆದುಕೊಂಡಿದ್ದೆ,
ಹೊರಗಿನಿಂದ ಟೇಪು ಹಿಡಿದು.
ಒಳಗಿನಿಂದ ಹಿಡಿದರೆ ಏಳುನೂರ ಆರು.
ತರಿಸಿದ ರೈಲು ಏಳುನೂರ ಹತ್ತಕ್ಕಿಂತ ಕುಗ್ಗಲೊಲ್ಲದು.
ನಾಲ್ಕು ಮಿಲಿಮೀಟರ್!
ಎರಡು ಅಕ್ಕಿಕಾಳು ಮಗ್ಗುಲಿಗೆ ಮಗ್ಗುಲು ಮಲಗುವಷ್ಟು.
ವಾಪಸ್ಸು ಕಳಿಸಲು ನಲವತ್ತು ಡಾಲರು.

ಲಾಯ್ಡ್ ಪೆಂಗೆಲ್ಲಿ ಬಾಗಿಲಲ್ಲಿ ನಿಂತಿದ್ದ.
ಮಂಗಳವಾರ ಮಂಗಳವಾರ ಬಂದು
ಹಳೇ ಟೇಪುಗಳ ವಿವರ ಬರೆಯುವವನು;
ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ
ಕಾಸಿದ ಉಕ್ಕನ್ನು ಕಂಬಿಯಾಗಿ ಎಳೆದವನು,
ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದವನು.
"ರೈಲು ಬಂದಿಲ್ಲವಾ?" ಅಂದ.
"ಬಂದಿದೆ, ಗಿಡ್ಡ ಆಗಲೊಲ್ಲದು," ಅಂದೆ
ಅವನ ಬಲಗಡೆಗೆ ಹೋಗಿ, ಜೋರಾಗಿ.
ಡಬ್ಬಿಯಿಂದೆತ್ತಿ ಅಂಗೈಯಲ್ಲಿ ತೂಗಿದ,
ಕೋಳಿಮರಿ ಹಿಡಿದವರ ಹಾಗೆ.
"ಇದನ್ನಾ ರೈಲು ಅನ್ನೋದು?"
ನಗು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು.
ಅವನ ರೈಲು ಮೀಟರಿಗೆ ಅರವತ್ತು ಕೆಜಿ.

ಮತ್ತೆ ಪಟ್ಟಿ ಹಿಡಿದು ಕೂತೆವು, ಅಳೆದೂ ಸುರಿದೂ.
ಸರ್ವರಿಗೆ ಜಾರುವ ಜೋಡಿ, ಆರುನೂರಕ್ಕೂ ಕುಗ್ಗುವಂಥದು:
ಎಳೆದರೆ ಹೊರಬಂದು ಹೊಟ್ಟೆ ತೋರಿಸಿ
ಮತ್ತೆ ಒಳಗೆ ಹೋಗಬೇಕು.
ಬ್ಯಾಟರಿ ಮೂವತ್ತೆಂಟು ಕೆಜಿ. ಅದು ಜಾರುವುದು ಬೇಡ,
ಎಲ್ಲಕ್ಕಿಂತ ಕೆಳಗೆ, ಮಡಚಿದ ದಪ್ಪ ತಗಡಿನ ಮೇಲೆ
ಕುಕ್ಕರಿಸಿಕೊಂಡಿರಲಿ.
ಸ್ವಿಚ್ಚಿಗೇನೂ ಬೇಡ.
ಎರಡು ಕಿವಿ, ನಾಲ್ಕು ತಿರುಪು, ತನ್ನ ಪಾಡಿಗೆ ತಾನು.

ಉಳಿದದ್ದು ಟೇಪ್ ಡೆಕ್ಕು.
ಎಪ್ಪತ್ತೊಂಬತ್ತರದು. ಅದಕ್ಕೆ ಕಿವಿಯಿಲ್ಲ,
ಕಂಬಕ್ಕೆ ಸಿಕ್ಕಿಸಲು ಎಲ್ಲೂ ಹಿಡಿತವಿಲ್ಲ.
ಹದಿಮೂರು ಕೆಜಿ. ನಾಲ್ಕು ರಬ್ಬರು ಪಾದ,
ಅದರಲ್ಲೊಂದು ಸವೆದದ್ದು.

ಅಗ್ಗದ ಹಲಗೆಯೊಂದು ಬಿದ್ದಿತ್ತು ಮೂಲೆಯಲ್ಲಿ,
ಮುಂಗಂಬವನ್ನಷ್ಟೇ ಕಚ್ಚುವಂಥದು.
ಹದಿನೈದು ಕೆಜಿ ತಡೆಯುತ್ತದೆ ಅಂತ ಚೀಟಿ.
ಸಿಕ್ಕಿಸಿದೆ. ಲಾಯ್ಡ್ ಹಿಂದಿನ ಅಂಚಿಗೆ
ಹೆಬ್ಬೆರಳಿಟ್ಟು ಒತ್ತಿದ. ತಗ್ಗಿತು.
"ಚೀಟಿ ಬರೆದವನು ಕೈ ಇಟ್ಟು ನೋಡಿಲ್ಲ.
ಬಾಗುವಾಗ ಉಕ್ಕು ಕೂಗಿ ಹೇಳೋದಿಲ್ಲ ನೋಡು.
ಇವತ್ತು ಸರಿಯಿರುತ್ತೆ,
ಒಂದು ಬೇಸಗೆ ಕಳೀಲಿ, ಮೂಗು ಮೇಲೆ ಬಾಲ ಕೆಳಗೆ."

ನಾಲ್ಕೂ ಕಂಬ ಹಿಡಿಯುವ ಹಲಗೆಗೇ ಬರೆದೆ,
ಗಾಳಿಗೆ ತೂತಿರುವಂಥದಕ್ಕೆ. ಎರಡರಷ್ಟು ಬೆಲೆ.
"ನಮ್ಮ ಭಾಷೆಯಲ್ಲಿ ಇದು ನಾಗಂದಿಗೆ," ಅಂದೆ.
"ನಾಗಾಂಡಿಗಿ," ಅಂದ ಬಲಗಿವಿಯ ಮನುಷ್ಯ,
ಆರ್ಡರು ಹಾಳೆಯಲ್ಲಿ ಹಾಗೇ ಬರೆಯಬಹುದಾ ಅಂತ ಕೇಳಿದ.

ಎರಡು ಮಂಗಳವಾರ ಕಳೆದು ಬಂತು.
ಚೌಕ ತೂತಿಗೆ ಪಂಜರದ ನಟ್ಟು ಒತ್ತುವಾಗ
ಉಗುರಿನ ಬುಡ ಸೀಳಿ ರಕ್ತ;
ಧೂಳಿನ ಬಣ್ಣಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.
ಇಬ್ಬರೂ ಎತ್ತಿ ಇಟ್ಟೆವು.
ಸವೆದ ಪಾದದಡಿ ಅವನ ಬಸ್ಸಿನ ಟಿಕೆಟ್ಟು, ನಾಲ್ಕು ಮಡಿಕೆ.

ಕೈಗೆ ಸಿಕ್ಕ ಟೇಪು ಹಾಕಿದ. ಯಾರೋ ಯಾಡ್ರಾಂಕಾ,
ಕ್ಯಾಂಟೀನಿನವಳು, ರಾತ್ರಿ ಪಾಳಿಯ ಸೂಪಿನ ಬಗ್ಗೆ
ಹೇಳುತ್ತಲೇ ಇದ್ದಳು.
ಅವಳ ಮಾತಿಗೆ ಬಲಗಿವಿ ತಿರುಗಿಸುತ್ತಾನೆ ಅಂದುಕೊಂಡೆ.
ಅವನು ಎಡಗೆನ್ನೆಯನ್ನು
ತಣ್ಣನೆಯ ಕಂಬಕ್ಕೆ ಒತ್ತಿ ನಿಂತುಬಿಟ್ಟ,
ಕಣ್ಣು ಮುಚ್ಚಿ, ಬಹಳ ಹೊತ್ತು.

"ತಿರುಗ್ತಾ ಇದೆ," ಅಂದ.

ಇಪ್ಪತ್ತಮೂರನೇ ಯು ಅಂತ ಬರೆದುಕೊಂಡೆ.