ಬೈನಾ ದಂಡೆಯಲ್ಲಿ ಎಂಟನೇ ಇಯತ್ತೆ

ತೊಂಬತ್ತೊಂದನೇ ಪುಟದಲ್ಲಿ
ಗುರುಗ್ರಹದ ಮುಖದ ಮೇಲೆ ಕಲ್ಲಿದ್ದಲ ದೂಳು.
ವಾಸ್ಕೋ ಬಂದರಿನಿಂದ ಗಾಳಿ ಹೊತ್ತು ತಂದದ್ದು,
ಕಿಟಕಿ ಮುಚ್ಚಿದರೂ ಬರುತ್ತದೆ.
ಹುಲಿಗೆವ್ವ ಲಂಗದ ತುದಿಯಿಂದ ಒರೆಸಿದಳು,
ಗ್ರಹ ಇನ್ನಷ್ಟು ಕಪ್ಪಾಯಿತು.

ಈ ಚಿತ್ರ ಸುಳ್ಳು, ಅಂದೆ.
ಒಂದೇ ದಾರಕ್ಕೆ ಪೋಣಿಸಿದ ಹಾಗೆ ಎಂಟು ಗ್ರಹ,
ಮಗ್ಗುಲಲ್ಲೇ ಸೂರ್ಯ.
ಅಚ್ಚು ಹಾಕಿದವರ ತಪ್ಪಲ್ಲ, ಪುಟವೇ ಗಿಡ್ಡ.
ಏಳಿ, ಚಪ್ಪಲಿ ಮೆಟ್ಟಿಕೊಳ್ಳಿ.

ಇಳಿತದ ಹೊತ್ತು. ದಂಡೆ ಬಿದ್ದುಕೊಂಡಿತ್ತು
ಆಗತಾನೆ ಒರೆಸಿದ ಕರಿಹಲಗೆಯ ಹಾಗೆ.

ಸಿಪ್ಪೆ ಅರೆಬರೆ ಸುಲಿದ ತೆಂಗಿನಕಾಯಿ: ಸೂರ್ಯ.
ಇಪ್ಪತ್ತು ಹೆಜ್ಜೆ ಎಣಿಸಿ ಯಮನೂರ ನಿಂತ,
ಚಾಚಿದ ಅಂಗೈಯಲ್ಲಿ ಒಂದು ಸಾಸಿವೆ: ಭೂಮಿ.
ಎರಡು ಬೆರಳಗಲ ಆಚೆ ಒಂದು ಮರಳ ಕಣ: ಚಂದ್ರ.
ಮನುಷ್ಯ ಇದುವರೆಗೆ ನಡೆದು ಬಂದಿರುವ ದೂರ
ಇಷ್ಟೇ, ಅಂದೆ.
ನಕ್ಕರು. ಆಮೇಲೆ
ತಂತಮ್ಮ ಬೆರಳು ನೋಡಿಕೊಂಡರು.

ಗುರುವಿಗೆ ಮೌಲಾಲಿಯ ಗೋಲಿ.
ಕೊಡಲು ಮನಸ್ಸಿಲ್ಲದೆ ತಾನೇ ಹಿಡಿದು ನೂರು ಹೆಜ್ಜೆ ಹೋದ.
ಹೆಸರುಕಾಳು ಮುಚ್ಚಿಟ್ಟುಕೊಂಡು ಹುಲಿಗೆವ್ವ
ಬಲೆ ಒಣಹಾಕಿದ ದೋಣಿಗಳ ದಾಟಿ
ಆರುನೂರು ಎಣಿಸುವಷ್ಟರಲ್ಲಿ
ಬಂಡೆಯ ಬಳಿ ಬರೀ ಕೆಂಪು ರಿಬ್ಬನ್ನು.
ನೆಪ್ಚೂನ್ ಏನೋ ಕೂಗಿತು, ನಮಗೆ ಕೇಳಿಸಲಿಲ್ಲ.

ಎಲ್ಲರೂ ಮರಳಿ ಬಂದ ಮೇಲೆ, "ಮುಂದಿನ ಚುಕ್ಕಿ ಎಲ್ಲೈತ್ರಿ ಟೀಚರ್?
ಇನ್ನೊಂದು ತೆಂಗಿನಕಾಯಿ?"
ಸಮುದ್ರದ ಕಡೆ ಕೈ ತೋರಿಸಿದೆ.
ಲಂಗರು ಹಾಕಿದ ಹಡಗುಗಳ ಆಚೆ,
ಹೊರಟರೆ ಏಳು ದಿನದ ದಾರಿ,
ಆಫ್ರಿಕಾದ ಯಾವುದೋ ದಂಡೆಯ ಮೇಲೆ.
ನಡುವೆ ಏನೂ ಇಲ್ಲ.
"ನೀರೈತಲ್ರೀ," ಅಂದ ಮೌಲಾಲಿ.
ನೀರೂ ಇಲ್ಲ, ಅಂದೆ.
ಅವನಿಗೆ ಅದು ಹಿಡಿಸಲಿಲ್ಲ.

ಕಾಯಿಯ ಕಣ್ಣಿಗೆ ಇರುವೆಯೊಂದು ಬಂದಿತ್ತು.
ಈ ಅಳತೆಯಲ್ಲಿ ಬೆಳಕಿನದೂ ಇರುವೆಯ ನಡಿಗೆ:
ಕಾಯಿಯಿಂದ ಸಾಸಿವೆಗೆ ಎಂಟು ನಿಮಿಷ, ಮೇಲೆ ಚೂರು.
ನೀವು ನಾಲ್ಕನೇ ಇಯತ್ತೆಯಲ್ಲಿದ್ದಾಗ
ಆ ದಂಡೆ ಬಿಟ್ಟ ಇರುವೆ
ಇಲ್ಲಿಗೆ ಮುಟ್ಟುವುದು ಇವತ್ತು.
ಇನ್ನೂ ದೂರದವು ನಿಮ್ಮ ಅಜ್ಜಿ ಹುಟ್ಟುವ ಮೊದಲು ಹೊರಟಿವೆ,
ಅಕ್ಷರ ಹುಟ್ಟುವ ಮೊದಲು, ಊರುಗಳು ಹುಟ್ಟುವ ಮೊದಲು.
ಬರೆದವರು ಇದ್ದಾರೋ ಇಲ್ಲವೋ
ಕಾಗದ ಮಾತ್ರ ತಪ್ಪದೆ ಬರುತ್ತದೆ.

"ಚುಕ್ಕಿ ಒಳಗ ಉರಿಯೂದು ಕಲ್ಲಿದ್ದಲಾ ಏನ್ರಿ?"
ಕೇಳಿದವಳ ಅಪ್ಪ ಧಕ್ಕೆಯಲ್ಲಿ ಕಲ್ಲಿದ್ದಲು ಗುಡಿಸುತ್ತಾನೆ.
ಅಲ್ಲ, ಅಂದೆ. ಉರಿ ಅಲ್ಲ ಅದು, ಒತ್ತಡ.
ಹಗುರ ಅಣುಗಳು ಒತ್ತರಿಸಿಕೊಂಡು ಭಾರವಾಗುವುದು.
ಇಂಗಾಲ ತಯಾರಾಗುವುದು ಅದಕ್ಕೆ ವಯಸ್ಸಾದಾಗ.
ಬೆಳಿಗ್ಗೆ ಲಂಗದಿಂದ ಒರೆಸಿದೆಯಲ್ಲ, ಹುಲಿಗೆವ್ವಾ,
ಅದು ಈ ಸೂರ್ಯನಿಗಿಂತ ಹಳೆಯದು.
ಅವಳು ಲಂಗ ತಿರುಗಿಸಿ
ಕಲೆ ನೋಡಿದಳು.

ಆಗ ಯಮನೂರ ಸೀನಿದ.

ಅಂಗೈ ಖಾಲಿ.
ಚಂದ್ರ ಎಲ್ಲಿ ಬಿತ್ತೆಂದು ಯಾರೂ ಕೇಳಲಿಲ್ಲ,
ಮರಳಲ್ಲಿ ಮರಳು.
ಆದರೆ ಸಾಸಿವೆ!
"ಬಿಡಲೇ, ನಮ್ಮವ್ವನ ಒಗ್ಗರಣಿ ಡಬ್ಬ್ಯಾಗ
ಬೊಗಸಿಗಟ್ಟಲೆ ಅದಾವ," ಅಂದಳು ಹುಲಿಗೆವ್ವ.
ಎಲ್ಲ ನಕ್ಕರು, ನಾನೂ.
ಮೊಣಕಾಲೂರಿದವನು ತಲೆ ಎತ್ತದೆ ಹೇಳಿದ:
"ಅದರಾಗ ನಾವು ಅದೀವಿ."

ಮೌಲಾಲಿ ಗೋಲಿಯನ್ನು ಕಿಸೆಗೆ ಹಾಕಿ ಬಗ್ಗಿದ.
ಅವಳೂ ಬಗ್ಗಿದಳು. ಮೂವತ್ತೊಂದು ಮಕ್ಕಳು
ಕೈಯಿಂದ ಮರಳು ಸೋಸುತ್ತ, ಉಸಿರು ಬಿಗಿಹಿಡಿದು,
ಯಾರ ಕಾಲಡಿಗಾದರೂ ಸಿಕ್ಕೀತೆಂದು
ಹೆಜ್ಜೆ ಕಿತ್ತಿಡಲು ಹೆದರುತ್ತ.

ಹಡಗುಗಳಲ್ಲಿ ದೀಪ ಹತ್ತಿತು.
ದಾಬೋಳಿಯಿಂದ ಎದ್ದ ವಿಮಾನವೊಂದು ತಲೆಯ ಮೇಲೆ ಹೋಯಿತು.
ಪಡುವಣದಲ್ಲಿ ಶುಕ್ರ, ಆಮೇಲೆ
ನಾನು ತೋರಿಸಬೇಕೆಂದು ಹೆಸರು ಬರೆದುಕೊಂಡು ತಂದಿದ್ದ
ಚುಕ್ಕಿಗಳೆಲ್ಲ ಒಂದೊಂದಾಗಿ ಬಂದವು.
ಮೇಲೆ ನೋಡಲು
ಯಾರಿಗೂ ಪುರುಸೊತ್ತಿರಲಿಲ್ಲ.

ನೀರು ಏರತೊಡಗಿದಾಗ ಎಬ್ಬಿಸಿದೆ.
ಎಲ್ಲರೂ ಕೈಕಾಲು ಒದರಿಕೊಂಡರು.
ಯಮನೂರ ಒದರಲಿಲ್ಲ.
ಮೊಣಕಾಲಿಗೆ ಮೆತ್ತಿದ ಮರಳು ಉದುರದ ಹಾಗೆ
ಕಾಲು ಬಗ್ಗಿಸದೆ, ಮೆಲ್ಲಗೆ,
ಗುಡ್ಡ ಹತ್ತಿ ಮನೆಗೆ ಹೋದ.