ಬೋರಲು ಮಡಕೆ

ಅವರ ನುಡಿಯ ಹೆಸರು ಮೋರೆ.
ಮೋರೆಯಲ್ಲಿ ನೋರಾಗೊ ಅಂದರೆ ಹುಂಜ.
ಹನ್ನೆರಡು ತುಂಬಿದೆ, ಗಂಟಲಿನ್ನೂ ಒಡೆದಿಲ್ಲ ಈ ಹುಂಜನಿಗೆ.
ನಿಜದ ಹುಂಜ ಕೂಗುವ ಮೊದಲೇ ಎದ್ದು
ಚಡ್ಡಿ ಏರಿಸಿಕೊಂಡು ನಡೆದಿದ್ದಾನೆ ಹುತ್ತದತ್ತ.
ಹಿಂದೆ ನಾನು. ಬುರ್ಕಿನಾದ ಕೆಂಧೂಳು
ಆ ಹೊತ್ತಿಗೆ ಮಾತ್ರ ಕಾಲಿಗೆ ತಣ್ಣಗೆ.

ನಿನ್ನೆ ಸಂಜೆ ಇಟ್ಟು ಬಂದ ಮಡಕೆ:
ಕಂಠ ಒಡೆದದ್ದು, ಅಜ್ಜಿ ಟೆಂಪೋಕೊ ಜೋಳದ ಹೆಂಡ
ಕುದಿಸಿ ಕುದಿಸಿ ತಳ ಕರಿಯಾದದ್ದು.
ಒಳಗೆ ಒಣಸಗಣಿ, ಸಜ್ಜೆದಂಟಿನ ಚೂರು,
ಅವು ನೆನೆಯುವಷ್ಟು ಒಂದು ಬುರುಡೆ ನೀರು.
ಹುತ್ತದ ನೆತ್ತಿ ಕೆರೆದು, ಬೋರಲು ಹಾಕಿ,
ಮೇಲೊಂದು ಕಲ್ಲು ಹೇರಿದ್ದ.

ನಮ್ಮ ಕಡೆ ಹುತ್ತಕ್ಕೆ ಹಾಲೆರೆಯುತ್ತಾರೆ, ಎಂದೆ.
ಗೆದ್ದಲು ಹಾಲು ಕುಡಿಯುತ್ತದೆಯೇ?
ಗೆದ್ದಲಿಗಲ್ಲವೋ, ಒಳಗಿರುವ ಹಾವಿಗೆ.
ಮತ್ತೆ, ಕಟ್ಟಿದವರಿಗೆ?
ನಾನು ಕಲ್ಲು ಇಳಿಸಲು ಕೈಕೊಟ್ಟೆ.

ಮೊರದಲ್ಲಿ ಕೊಡವಿದರೆ ಸಗಣಿಯೇ ಮಿಸುಕಾಡಿತು.
ನುಚ್ಚಿನಂಥ ಬಿಳಿ, ನಡುನಡುವೆ ಕೆಂದಲೆಯ ಸಿಪಾಯಿಗಳು.
ಒಬ್ಬ ಅವನ ಹೆಬ್ಬೆರಳು ಕಚ್ಚಿ ಜೋತುಬಿದ್ದ.
ಕೀಳಲಿಲ್ಲ ಇವನು. ಹಾಗೇ ಓಡಿದ.

ಅಂಗಳದಲ್ಲಿ ಅಜ್ಜಿ ಒಂದನ್ನು ಚಿವುಟಿ ಮೂಸಿದಳು.
ಮೂತಿ ಚೂಪಾದ ಒಂದು ಜಾತಿ ಉಂಟಂತೆ, ಕಹಿ;
ಹೋದ ವರ್ಷ ಅದನ್ನು ನುಂಗಿ ಏಳು ಮರಿ
ಕತ್ತು ವಾಲಿಸಿಕೊಂಡು ಮಲಗಿದ್ದು ಏಳಲಿಲ್ಲ.
ಮೂಸಿದಳು, ಮತ್ತೊಮ್ಮೆ ಮೂಸಿದಳು,
ಬುಟ್ಟಿ ಎತ್ತಿದಳು.

ಹನ್ನೊಂದು ಮರಿ, ಒಂಬತ್ತು ದಿನದವು.
ಒಂದು ಮರಿ ಒಂದು ಹುಳು ಕಚ್ಚಿಕೊಂಡು ಓಡಿತು,
ಉಳಿದ ಹತ್ತೂ ಅದರ ಬೆನ್ನಿಗೆ, ಕಣಜ ಸುತ್ತಿ, ಒನಕೆ ದಾಟಿ,
ರಾಶಿ ರಾಶಿ ಇಲ್ಲೇ ಬಿದ್ದಿದೆ, ಕೇಳುವವರಿಲ್ಲ!
ತಾಯಿಕೋಳಿ ಲೊಕ್ ಲೊಕ್ ಎಂದು ಕರೆದೂ ಕರೆದೂ
ಕೊನೆಗೆ ತಾನೇ ತಿನ್ನತೊಡಗಿತು.

ಗೋಡೆಗೆ ಒರಗಿ ಅಜ್ಜಿ ಹೇಳಿದ ಮಾತು,
ಹುಡುಗ ಮುರುಕು ಫ್ರೆಂಚಿನಲ್ಲಿ ದಾಟಿಸಿದ್ದು:
ಇವನು ಹುಟ್ಟಿದ ಕಾಗದವನ್ನು ಚಾಪೆಯಡಿ ಇಟ್ಟಿದ್ದೆವು,
ತಿಂದದ್ದು ಇವೇ.
ಸೀಲು ಒತ್ತಿದಲ್ಲಿ ಮಾತ್ರ ಬಿಟ್ಟಿದ್ದವು, ಶಾಯಿ ರುಚಿಸಲಿಲ್ಲವೋ ಏನೋ.
ಕಾಗದವಿಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ ಮೇಷ್ಟ್ರು.
ಹೊಸದು ಬೇಕೆಂದರೆ ಕಾಯಾ ಪೇಟೆಗೆ ಹೋಗಬೇಕು,
ಬಸ್ಸಿಗೊಂದು ಕೋಳಿ, ಗುಮಾಸ್ತನಿಗೊಂದು ಕೋಳಿ,
ಗುಮಾಸ್ತ ಊಟಕ್ಕೆ ಹೋಗಿದ್ದರೆ ಇನ್ನೊಂದು.

ಅಷ್ಟರಲ್ಲಿ ನೋರಾಗೊ ಹೆಬ್ಬೆರಳು ನೆಲಕ್ಕೆ ಚಾಚಿದ.
ಬೂದಿಬಣ್ಣದ, ಒಂದು ಕಾಲು ಕುಂಟುವ,
ಓಟದಲ್ಲಿ ಹಿಂದುಳಿದ ಮರಿ ಬಂದು
ಸಿಪಾಯಿಯ ಮೈ ಕಿತ್ತುಕೊಂಡು ಹೋಯಿತು.
ತಲೆ ಮಾತ್ರ ಬೆರಳಿನಲ್ಲೇ ಕಚ್ಚಿಕೊಂಡಿತ್ತು.
ಉಗುರಿನಿಂದ ಅದನ್ನು ಎಬ್ಬುತ್ತ, ತಲೆ ಎತ್ತದೆ, ಕೇಳಿದ:

ನಿಮ್ಮ ಹಾವು ಮೊಟ್ಟೆ ಕದಿಯುವುದಿಲ್ಲವೇ?
ಕದಿಯುತ್ತದೆ.
ಮರಿ ನುಂಗುವುದಿಲ್ಲವೇ?
ನುಂಗುತ್ತದೆ.
ಆದರೂ ಹಾಲು?