ಒಂದು ಬಟಾಣಿ ಕಡಿಮೆ

ಮರಿಯೆಹಾಮ್‌ನಲ್ಲಿ ಗುರುವಾರವೆಂದರೆ ಬಟಾಣಿ ಸಾರು,
ಆಮೇಲೆ ಏಲಕ್ಕಿಯ ಪ್ಯಾನ್‌ಕೇಕು, ಬೇಯಿಸಿದ ಒಣ ಪ್ಲಮ್ಮು,
ಆಮೇಲೆ ಗುನ್‌ವೋರ್ ಮೇಜು ಒರೆಸಿ
ಸಮುದ್ರ ಹಾಸುತ್ತಾಳೆ.

ಹಳೆಯ ಕಿಟಕಿ ಪರದೆಯ ಬೆನ್ನಿಗೆ ನೀಲಿ ಬಳಿದು
ಅವಳೇ ಮಾಡಿದ ಸಮುದ್ರ.
ಬಂದರಿಗೊಂದು ಕೋಟಿನ ಗುಂಡಿ ಹೊಲಿದಿದ್ದಾಳೆ:
ಕಾರ್ಡಿಫ್, ಇಕೀಕೆ, ಪೋರ್ಟ್ ಲಿಂಕನ್.
ಆಸ್ಟ್ರೇಲಿಯಾ ಹಿಡಿಸದೆ ಮೇಜಿನಂಚಿನಿಂದ ಕೆಳಗೆ ಜೋತಿದೆ,
ಅಲ್ಲಿ ಗೋಧಿ ತುಂಬಬೇಕಾದರೆ ಮಂಡಿಯೂರಬೇಕು.

ಆಟಕ್ಕಿನ್ನೂ ಹೆಸರಿಲ್ಲ.
ಮೂರು ಚಳಿಗಾಲದಿಂದ ನಿಯಮಗಳನ್ನು
ನಮ್ಮ ನಾಲಿಗೆಗೆ ಹಚ್ಚಿ ನೋಡುತ್ತಿದ್ದಾಳೆ,
ಸಾರಿಗೆ ಉಪ್ಪು ನೋಡಿದ ಹಾಗೆ, ಚಿಟಿಕೆ ಚಿಟಿಕೆ.
ಹಡಗು ಮರದ ತುಂಡು. ಗೋಧಿ ಹಳದಿ, ಕಲ್ಲಿದ್ದಲು ಕಪ್ಪು.
ನಾವಿಕರಿಗೆ ಮರ ಸಾಲದೆ ಒಣ ಬಟಾಣಿ,
ಹಡಗಿಗೆ ನಾಲ್ಕು.

ನಾನು ಮೂವತ್ತು ವರ್ಷ
ಸ್ಟಾಕ್‌ಹೋಮಿಗೆ ಹೋಗಿಬರುವ ಬಿಳಿ ದೋಣಿಯಲ್ಲಿ ಲೆಕ್ಕ ಬರೆದವನು.
ಒಂದು ಕಾಸು ಹೆಚ್ಚುಕಮ್ಮಿ ಬಂದ ರಾತ್ರಿಯಿಲ್ಲ.
ನಿಯಮ ಓದುವುದು ನನಗೆ ಬರುತ್ತದೆ.

ಹನ್ನೊಂದನೆಯದು, ವಿಮೆ.
ಮುಳುಗಿದ ಹಡಗಿಗೆ ಕೊಂಡ ಬೆಲೆಯಲ್ಲ,
ಹೊಸ ಹಡಗಿನ ಬೆಲೆ ಸಿಗತಕ್ಕದ್ದು.
ಅದನ್ನು ಓದುವಾಗ ಯೋರ್ಡಿಸ್ ಕಾಲುಚೀಲ ಹೆಣೆಯುತ್ತಿದ್ದಳು,
ಟೂರ್‌ಬ್ಯೋರ್ನ್ ಮೂಗು ಒರೆಸಿಕೊಳ್ಳುತ್ತಿದ್ದ.
ನನಗೆ ಮಾತ್ರ ಕಾಣಿಸಿತು.

ಗ್ಲಾಸ್ಗೋದವರು ಬೇಡವೆಂದ ಮುದಿ ಹಡಗುಗಳನ್ನು
ಒಣಹುಲ್ಲಿನ ಬೆಲೆಗೆ ಕೊಂಡೆ. ಐದು.
ಹಾಯಿ ಹೊಲಿಸಲಿಲ್ಲ, ತಳಕ್ಕೆ ಡಾಂಬರು ಬಳಿಸಲಿಲ್ಲ.
ಜುಲೈ ತಿಂಗಳು, ಕೇಪ್ ಹಾರ್ನ್‌ನಲ್ಲಿ ನಡುಚಳಿ,
ಉಳಿದವರು ಬಂದರಿಗೆ ಸರಿದುಕೊಂಡಾಗ
ನಾನು ಹೊರಕ್ಕೆ ಕಳಿಸಿದೆ.
ಗಾಳಿ ಬಂದಾಗ ತೂರಿಕೋ ಅಂತಾರಲ್ಲ.

ಬಿರುಗಾಳಿಯ ಚೀಟಿ ಎತ್ತಿದವಳು ಯೋರ್ಡಿಸ್.
ಪಾಪ, ಎಂದಳು.
ನಾನು ಮುನ್ನೂರು ಮಾರ್ಕು ಎಂದು ಬರೆದುಕೊಂಡೆ.
ಮತ್ತೊಂದು ಸುತ್ತು, ಮತ್ತೊಂದು ಚೀಟಿ,
ಬಿಸ್ಕತ್ತಿನ ಡಬ್ಬವೇ ಬ್ಯಾಂಕು, ಅದರ ತಳ ಕಂಡಿತು.

ಮೋಸ, ಎಂದ ಟೂರ್‌ಬ್ಯೋರ್ನ್.
ಮೂವರೂ ಹಾಳೆ ತಿರುವಿ ಹುಡುಕಿದರು. ಮೋಸವಿರಲಿಲ್ಲ.
ಅವನ ಒಂಟಿ ಹಡಗು ಮರ್ಯಾದೆಯ ಗೋಧಿ ಹೊತ್ತು
ಇನ್ನೂ ಮೇಜಿನ ಕೆಳಗೆ ಪಿನ್ನಿಗೆ ನೇತಾಡುತ್ತಿತ್ತು.

ಮನೆ ಮುಟ್ಟಿದ ಕಾಯಿಗೆ ಹಣ್ಣು ಎನ್ನುತ್ತೇವೆ.
ಮುಟ್ಟದ್ದಕ್ಕೆ?
ಹಾಳೆಯಲ್ಲಿ ಇದ್ದದ್ದು ಇಷ್ಟು:
ನಾವಿಕರನ್ನು ಡಬ್ಬದ ಮುಚ್ಚಳಕ್ಕೆ ಹಾಕಿ.
ತಗಡಿನ ಮೇಲೆ ಬಟಾಣಿ ಬಿದ್ದ ಸದ್ದು, ಇಪ್ಪತ್ತು ಸಲ,
ಆಡುವಾಗ ಕೇಳಿಸಿರಲಿಲ್ಲ,
ದುಡ್ಡು ಎಣಿಸಿ ಮುಗಿಸಿದ ಮೇಲೆ ಕೇಳಿಸಿತು.

ಗುನ್‌ವೋರ್‌ಳ ಮುತ್ತಜ್ಜನ ಹಡಗು ಯಾವ ವರ್ಷ ಹೋಯಿತೆಂದು ಊರಿಗೆ ಗೊತ್ತು,
ಎಲ್ಲಿ ಹೋಯಿತೆಂದು ಗೊತ್ತಿಲ್ಲ.
ಆ ಬೇಸಿಗೆ ಮಾಲೀಕ ಮನೆಗೆ ಮಹಡಿ ಎತ್ತಿಸಿದ್ದು ಗೊತ್ತು.
ಹನ್ನೊಂದನೆಯದನ್ನು ತೆಗೆದುಬಿಡು, ಎಂದಳು ಯೋರ್ಡಿಸ್.
ಇರಲಿ, ಎಂದಳು ಗುನ್‌ವೋರ್,
ಅದೊಂದು ನಾನು ಬರೆದದ್ದಲ್ಲ.
ಎದ್ದು ಸಾರಿನ ಪಾತ್ರೆ ತೊಳೆಯಲು ಹೋದಳು.

ಹೆಪ್ಪುಗಟ್ಟಿದ ಬಂದರಿನ ಪಕ್ಕ ನಡೆದು ಮನೆಗೆ ಬಂದೆ.
ಕೋಟು ಬಿಚ್ಚುವಾಗ ತೋಳಿನ ಮಡಿಕೆಯಿಂದ
ಒಂದು ಬಟಾಣಿ ನೆಲಕ್ಕೆ ಬಿದ್ದು, ಉರುಳಿ,
ಒಲೆಯ ಕೆಳಗೆ ಸೇರಿತು.
ಅರವತ್ತೆಂಟರ ವಯಸ್ಸಿಗೆ ಹೊಟ್ಟೆಯ ಮೇಲೆ ಮಲಗಿ
ಪೊರಕೆ ಹಿಡಿಯಿಂದ ತಡಕಿ, ತಡಕಿ, ಹೊರಗೆಳೆದೆ.
ಯಾವ ಹಡಗಿನವನೋ.
ಧೂಳು ಊದಿದೆ.

ಮುಂದಿನ ಗುರುವಾರ ಸಾರು ಹದವಾಗಿತ್ತು.
ಗುನ್‌ವೋರ್ ಎಣಿಸಿದಳು, ಮತ್ತೆ ಎಣಿಸಿದಳು. ಮೂವತ್ತೊಂದು.
ಅಡುಗೆಮನೆಯ ಚೀಲಕ್ಕೆ ಕೈ ಹಾಕಿ
ಸಿಕ್ಕಿದ ಒಂದನ್ನು ತಂದು ಸೇರಿಸಿದಳು.
ಈಗ ಸರಿಯಾಯಿತೇ, ಎಂದು ನನ್ನನ್ನೇ ಕೇಳಿದಳು,
ಲೆಕ್ಕದವನಲ್ಲವೇ.

ಜೇಬಿನೊಳಗೆ ಬೆರಳು ಅದನ್ನು ಉರುಳಿಸುತ್ತಿತ್ತು.
ಸರಿಯಿದೆ, ಎಂದೆ.